ನಿಲುವು ಬೇರೆ, ಮತ ಬೇರೆ

ಸಂಸದರ ಕಚೇರಿಯನ್ನು ನಿಜವಾಗಿ ನಡೆಸುತ್ತಿದ್ದವಳು ಅವರ ಅಕ್ಕ. ಮೂವತ್ತೊಂದು ವರ್ಷ ಒಂದೇ ಮುದ್ರಣಾಲಯದಲ್ಲಿ ಕರಡು ತಿದ್ದಿ ನಿವೃತ್ತಳಾಗಿ, ಇನ್ನಾದರೂ ಕಾಲು ಚಾಚಿ ಕೂರೋಣ ಎಂದುಕೊಳ್ಳುವಷ್ಟರಲ್ಲಿ ತಮ್ಮ ಚುನಾವಣೆ ಗೆದ್ದಿದ್ದ. "ಅಕ್ಕ, ಒಂದಾರು ತಿಂಗಳು ಬಂದು ಕೂತ್ಕೋ, ಅಷ್ಟರಲ್ಲಿ ಯಾರನ್ನಾದ್ರೂ ಹುಡುಕ್ತೀನಿ" ಅಂದಿದ್ದ. ಆ ಆರು ತಿಂಗಳು ಎಳೆದೂ ಎಳೆದೂ ಐದು ವರ್ಷವಾಗಿತ್ತು. ಔಷಧಿ ಅಂಗಡಿಯ ಮೇಲಿನ ಎರಡು ಕೋಣೆಗಳ ಆ ಕಚೇರಿಗೆ ಬರುವವರಿಗೆಲ್ಲ ಅವಳು ಅಕ್ಕ. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಮೆಟ್ಟಿಲು ಹತ್ತಿ ಬಂದು, ಏದುಸಿರು ಬಿಡುತ್ತ "ಅಕ್ಕಾ, ನಮ್ಮ ಅರ್ಜಿ ಏನಾಯ್ತು?" ಎನ್ನುವರು. ಊರಿಗೆಲ್ಲ ಸಂಸದರಾದ ತಮ್ಮನನ್ನು ಮಾತ್ರ ಅವಳು ಇನ್ನೂ ಪುಟ್ಟ ಎಂದೇ ಕರೆಯುತ್ತಿದ್ದಳು. ಪುಟ್ಟನಿಗೆ ಐವತ್ತನಾಲ್ಕು ತುಂಬಿತ್ತು. ಹೊಟ್ಟೆ ಅವನಿಗಿಂತ ಒಂದು ಹೆಜ್ಜೆ ಮೊದಲೇ ಬಾಗಿಲು ದಾಟುತ್ತಿತ್ತು.

ಚುನಾವಣೆಗೆ ಇನ್ನೆರಡು ತಿಂಗಳಿದೆ ಎನ್ನುವಾಗ ನಾಗರಿಕ ವೇದಿಕೆಯೊಂದರಿಂದ ಒಂದು ನಮೂನೆ ಬಂತು. ಎಲ್ಲ ಅಭ್ಯರ್ಥಿಗಳನ್ನೂ ಒಂದು ಸಭೆಗೆ ಕರೆದಿದ್ದರು. ಈಗಾಗಲೇ ಸದನದಲ್ಲಿರುವವರು ಈ ಹಾಳೆಯನ್ನೂ ತುಂಬಿ ಕೊಡಬೇಕಂತೆ. ಕಳೆದ ಐದು ವರ್ಷದ ಹತ್ತು ಮುಖ್ಯ ಮಸೂದೆಗಳ ಹೆಸರು, ಪಕ್ಕದಲ್ಲಿ ಎರಡು ಅಂಕಣ: ಒಂದರಲ್ಲಿ 'ಸಾರ್ವಜನಿಕವಾಗಿ ತಿಳಿಸಿದ ನಿಲುವು', ಇನ್ನೊಂದರಲ್ಲಿ 'ಸದನದಲ್ಲಿ ಹಾಕಿದ ಮತ'.

ಇದೇನು ಮಹಾ, ಅರ್ಧ ಗಂಟೆಯ ಕೆಲಸ, ಎಂದುಕೊಂಡಳು ಅಕ್ಕ. ಮೊದಲನೆಯ ಅಂಕಣ ಅವಳಿಗೆ ಬಾಯಿಪಾಠ. ಅವನ ಹೇಳಿಕೆ, ಕರಪತ್ರ, ಜನರಿಗೆ ಬರೆದ ಉತ್ತರ, ಎಲ್ಲವೂ ಅವಳ ಕಣ್ಣ ಕೆಳಗೇ ಹಾದುಹೋಗಿದ್ದವು. ಎರಡನೆಯದಕ್ಕೆ ಸದನದ ನಡಾವಳಿ ನೋಡಬೇಕಿತ್ತು. ಪ್ರತಿ ಅಧಿವೇಶನ ಮುಗಿದ ಮೇಲೆ ಕಂದು ಲಕೋಟೆಯಲ್ಲಿ ಬರುತ್ತಿದ್ದ ಆ ದಪ್ಪ ಸಂಪುಟಗಳನ್ನು ಐದು ವರ್ಷದಲ್ಲಿ ಯಾರೂ ಬಿಚ್ಚಿರಲಿಲ್ಲ. ಎರಡರ ಮೇಲೆ ಟೇಬಲ್ ಫ್ಯಾನ್ ಕೂತಿತ್ತು. ಫ್ಯಾನ್ ಕೆಳಗಿಳಿಸಿ, ಧೂಳು ಕೊಡವಿ, ಕನ್ನಡಕ ಏರಿಸಿ ಕೂತಳು.

ಮೊದಲನೆಯದು ಸಣ್ಣ ರೈಲು ನಿಲ್ದಾಣಗಳನ್ನು ಮುಚ್ಚುವ ಮಸೂದೆ. ಪುಟ್ಟ ಆಗ ಊರಾಚೆಯ ಪುಟಾಣಿ ನಿಲ್ದಾಣದ ಬೆಂಚಿನ ಮೇಲೆ ಹತ್ತಿ ನಿಂತು, "ನನ್ನ ಹೆಣದ ಮೇಲೆ ಹಾದು ಇದಕ್ಕೆ ಬೀಗ ಹಾಕಲಿ" ಎಂದು ಕೂಗಿದ್ದ. ಮುದುಕಿಯರು ಕಣ್ಣೊರೆಸಿಕೊಂಡಿದ್ದರು. ಅದಾದ ಇಪ್ಪತ್ತೊಂದನೆಯ ದಿನದ ನಡಾವಳಿಯಲ್ಲಿ 'ಪರ' ಎಂಬ ಪಟ್ಟಿಯ ನಡುವೆ ಅವನ ಹೆಸರು ಅಚ್ಚುಕಟ್ಟಾಗಿ ಕೂತಿತ್ತು. ಮುದ್ರಣದೋಷ ಇರಬೇಕು ಎಂದುಕೊಂಡಳು. ಮೂವತ್ತೊಂದು ವರ್ಷದ ಅಭ್ಯಾಸ. ಮೊದಲ ಅನುಮಾನ ಯಾವಾಗಲೂ ಅಚ್ಚಿನವನ ಮೇಲೆಯೇ. ಮುಂದಿನ ಮಸೂದೆ ತೆಗೆದಳು. ಕಾರ್ಖಾನೆಗಳು ನದಿಗೆ ಬಿಡುವ ಕೊಳಚೆಯದು. ಅದರ ಪರವಾಗಿ ಮೂರು ಸಂದರ್ಶನ ಕೊಟ್ಟಿದ್ದ. ಮತದ ದಿನ ಗೈರುಹಾಜರು. ನಿವೃತ್ತಿ ವಯಸ್ಸಿನ ಮಸೂದೆಗೆ ಬೆಳಿಗ್ಗೆ ವಿರೋಧ, ಮಧ್ಯಾಹ್ನ ಪರ. ಹೀಗೇ ಒಂದೊಂದಾಗಿ ಹತ್ತೂ ಮುಗಿಯುವ ಹೊತ್ತಿಗೆ ಅವಳ ಕಾಫಿ ಕೆನೆಗಟ್ಟಿತ್ತು. ಹತ್ತರಲ್ಲಿ ಆಡಿದ್ದೂ ಮಾಡಿದ್ದೂ ಒಂದೇ ಆಗಿದ್ದದ್ದು ಎರಡು. ಆ ಎರಡರಲ್ಲೊಂದು ಸದನದ ಹೊಸ ಕಟ್ಟಡಕ್ಕೆ ಹೆಸರಿಡುವ ಮಸೂದೆ.

ಅವಳನ್ನು ಹಿಡಿದು ಕೂರಿಸಿದ್ದು ಎಂಟನೆಯದು. ಆಸ್ಪತ್ರೆಯ ನರ್ಸ್‌ಗಳ ಕೆಲಸದ ಗಂಟೆಗಳಿಗೆ ಮಿತಿ ಹಾಕುವ ಮಸೂದೆ. ಅದು ಮೂರು ಮತಗಳಿಂದ ಬಿದ್ದುಹೋಗಿತ್ತು. ಪುಟ್ಟ ಗೈರುಹಾಜರು.

ಎದ್ದು ಹೋಗಿ ಕಪಾಟಿನಿಂದ ಹಳೆಯ ಕಡತ ತೆಗೆದಳು. ಸರ್ಕಾರಿ ಆಸ್ಪತ್ರೆಯ ಹಿರಿಯ ನರ್ಸ್‌ಗೆ ಕಳಿಸಿದ ಪತ್ರದ ಪ್ರತಿ ಅಲ್ಲೇ ಇತ್ತು. 'ಶಕ್ತಿಮೀರಿ ಹೋರಾಡಿದರೂ ಮಸೂದೆ ಬಿದ್ದುಹೋದದ್ದು ನನಗೆ ವೈಯಕ್ತಿಕವಾಗಿ ನೋವು ತಂದಿದೆ.' ಪುಟ್ಟ ಫೋನಿನಲ್ಲಿ ಹೇಳಿದ್ದು ಬರೀ 'ನೋವಾಗಿದೆ ಅಂತ ಬರಿ' ಎಂದು. 'ವೈಯಕ್ತಿಕವಾಗಿ' ಎಂಬುದನ್ನು ಸೇರಿಸಿದವಳು ತಾನೇ. ವಾಕ್ಯಕ್ಕೆ ತೂಕ ಬರಲಿ ಎಂದು. ಇಂಥ ಪತ್ರಗಳು ಆ ಕಪಾಟಿನಲ್ಲಿ ಎಷ್ಟಿವೆಯೋ. ಒಂದು ಕಾಗುಣಿತದ ತಪ್ಪೂ ಇಲ್ಲದ ಸುಳ್ಳುಗಳು. ಅಕ್ಕನಿಗೆ ಮೈಯೆಲ್ಲ ಉರಿಯಿತು. ಆ ಉರಿಯಲ್ಲಿ ಎಷ್ಟು ಪಾಲು ತಮ್ಮನಿಗೆ, ಎಷ್ಟು ತನಗೆ ಎಂದು ತಿಳಿಯಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಪುಟ್ಟ ಬಂದ. ಕುರ್ಚಿ ಎಳೆದು ಕೂತು, "ಏನಕ್ಕ, ಮುಖ ಯಾಕೆ ಊದಿಸ್ಕೊಂಡಿದ್ದೀಯ?" ಅಂದ.

"ರೈಲು ನಿಲ್ದಾಣ ಮುಚ್ಚೋ ಮಸೂದೆಗೆ ನೀನು ಪರ ಹಾಕಿದ್ದೀಯ."

"ಹೌದಾ?"

"ಹೌದಾ ಅಂದ್ರೆ? ನನ್ನ ಕೇಳ್ತೀಯಲ್ಲೋ!"

"ಅಕ್ಕ, ವರ್ಷಕ್ಕೆ ನೂರು ಸಲ ಬಟನ್ ಒತ್ತುತೀವಿ. ಯಾವುದಕ್ಕೆ ಏನು ಒತ್ತಿದ್ವಿ ಅಂತ ಯಾರಿಗೆ ನೆನಪಿರುತ್ತೆ?"

"ಬೆಂಚ್ ಮೇಲೆ ಹತ್ತಿ ಗಂಟಲು ಹರಿಯೋ ಹಾಗೆ ಕೂಗಿದ್ದೆಯಲ್ಲ, ಅದಾದ್ರೂ ನೆನಪಿದೆಯಾ?"

"ಅದನ್ನ ಹೇಗೆ ಮರೆಯೋದು! ಎಂಥ ಭಾಷಣ ಅದು!" ಅವನ ಕಣ್ಣು ನಿಜಕ್ಕೂ ಮಿನುಗಿದವು. ಸುಳ್ಳುಗಾರನ ಕಣ್ಣು ಹಾಗೆ ಮಿನುಗುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಬೆಂಚಿನ ಮೇಲೆ ನಿಂತಾಗ ಅವನು ಪ್ರತಿ ಮಾತನ್ನೂ ನಂಬಿಯೇ ಆಡಿದ್ದ. ಬೆಂಚಿನಿಂದ ಇಳಿದ ಮೇಲೆ ನಂಬಿಕೆಯೂ ಇಳಿದುಹೋಗಿತ್ತು. ಅದೇ ಅವಳ ತಲೆ ಕೆಡಿಸಿದ್ದು.

"ನೋಡಕ್ಕ," ಅವನು ಮಗುವಿಗೆ ತಿಳಿಹೇಳುವವನಂತೆ ಮುಂದೆ ಬಾಗಿದ. "ನಿಲುವು ಬೇರೆ, ಮತ ಬೇರೆ."

"ಎರಡೂ ನಿಂದೇ ತಾನೇ?"

"ನಿಲುವು ನಂದು. ಮತ ಪಕ್ಷದ್ದು."

"ಬಟನ್ ಒತ್ತಿದ ಬೆರಳು ಯಾರದು?"

"ನಿನ್ನ ಹತ್ರ ಮಾತಾಡೋಕೆ ಆಗಲ್ಲಪ್ಪ. ಗೈರುಹಾಜರು ಅಂತ ಇರೋ ಕಡೆ ಎಲ್ಲ ತಟಸ್ಥ ಅಂತ ಬರಿ. ಗೌರವವಾಗಿ ಕೇಳ್ಸುತ್ತೆ."

"ತಟಸ್ಥ ಅಂದ್ರೆ ಒಳಗೆ ಕೂತು ಯಾರ ಕಡೆಗೂ ಹೋಗದೆ ಇರೋದು. ನೀನು ಒಳಗೇ ಇರಲಿಲ್ಲ."

"ಕಟ್ಟಡದಲ್ಲೇ ಇದ್ದೆ ಕಣಕ್ಕ."

"ನರ್ಸ್‌ಗಳ ಮಸೂದೆ ದಿನ ಎಲ್ಲಿದ್ದೆ?"

ಪುಟ್ಟ ಕಿಟಕಿಯ ಕಡೆ ನೋಡಿದ. "ಕ್ಯಾಂಟೀನಲ್ಲಿ."

ಅಕ್ಕ ಕನ್ನಡಕ ತೆಗೆದು ಅವನನ್ನೇ ನೋಡಿದಳು. ಅವನೇ ಮುಂದುವರಿಸಿದ. "ಪಕ್ಷದವರ ಮತ ನೋಡ್ಕೊಳ್ಳೋ ವಿಪ್ ಇದ್ದಾನಲ್ಲ, ಅವನೇ ಕಳಿಸಿದ್ದ. ಆಸ್ಪತ್ರೆ ನಡೆಸೋರು ಯಾರ್ಯಾರೋ ಪಕ್ಷಕ್ಕೆ ಬೇಕಾದವರಂತೆ. ನಿನಗೆ ವಿರೋಧ ಹಾಕೋಕೆ ಮುಜುಗರ ಆದ್ರೆ ಹೊರಗೆ ಕೂತಿರು, ಪರ ಮಾತ್ರ ಹಾಕ್ಬೇಡ ಅಂದ. ನಾನು ವಿರೋಧ ಹಾಕಲಿಲ್ಲ. ಅದೂ ಒಂದು ಥರ ಬೆಂಬಲಾನೇ ಅಲ್ವಾ?"

"ಮೂರೇ ಮೂರು ಮತದಲ್ಲಿ ಬಿತ್ತು ಕಣೋ."

"ನಂದು ಒಂದೇ ಮತ. ನಾನು ಹಾಕಿದ್ರೂ ಬೀಳ್ತಾನೇ ಇತ್ತು, ಲೆಕ್ಕ ಹಾಕಿ ನೋಡು."

"ಕ್ಯಾಂಟೀನಲ್ಲಿ ನಿನ್ನ ಜೊತೆ ಇನ್ನೂ ಎಷ್ಟು ಜನ ಕೂತಿದ್ರು?"

ಪುಟ್ಟ ಬೆರಳು ಮಡಿಸಿ ಎಣಿಸಿದ. "ಏಳು" ಅಂದ. ಅಂದ ಮೇಲೆ ತಾನು ಅಂದದ್ದು ತನಗೇ ಕೇಳಿಸಿತೇನೋ, ಮಡಿಸಿದ ಬೆರಳುಗಳನ್ನೇ ನೋಡಿದ. ಆಮೇಲೆ ಫೋನ್ ಗುಣುಗುಟ್ಟಿತು. ಎದ್ದು, "ಚೆನ್ನಾಗಿ ಬರಿಯಕ್ಕ, ನಿನಗೆ ಭಾಷೆ ಗೊತ್ತು" ಎನ್ನುತ್ತ ಹೊರಟುಹೋದ.

ಸಂಜೆಯತನಕ ಅವಳು ನಮೂನೆಯ ಮುಂದೆ ಕೂತೇ ಇದ್ದಳು. ಭಾಷೆ ಗೊತ್ತಿತ್ತು, ಅದೇ ತೊಂದರೆ. 'ಗೈರು' ಎಂಬ ಎರಡಕ್ಷರವನ್ನು ಹತ್ತು ಬಗೆಯಲ್ಲಿ ಹೂವಿನಂತೆ ಅರಳಿಸಿ ಬರೆಯಬಲ್ಲಳು. ಒಂದೂ ಬರೆಯದೆ ಮನೆಗೆ ಹೋದಳು.

ಮರುದಿನ ಬೆಳಿಗ್ಗೆ, ದೇವರು ಪರೀಕ್ಷೆ ಮಾಡುವುದಕ್ಕೇ ಕಳಿಸಿದಂತೆ, ಆ ಹಿರಿಯ ನರ್ಸ್ ಮೆಟ್ಟಿಲು ಹತ್ತಿ ಬಂದರು. ಪಾಳಿ ಮುಗಿಸಿ ನೇರ ಬಂದಿದ್ದರು. ಕಣ್ಣಿನ ಸುತ್ತ ಕಪ್ಪು, ಕಾಲಲ್ಲಿ ಊತ, ಹೆಗಲಿಗೆ ಊಟದ ಡಬ್ಬಿಯ ಚೀಲ.

"ಅಕ್ಕಾ, ಒಂದು ಸಂತೋಷದ ಸುದ್ದಿ" ಎಂದು ಕೂತರು. "ಶನಿವಾರ ಅಭ್ಯರ್ಥಿಗಳ ಸಭೆಯಲ್ಲಿ ನಮ್ಮ ಸಂಘದಿಂದ ಒಬ್ಬರು ಮಾತಾಡ್ಬಹುದು ಅಂದಿದ್ದಾರೆ. ನಾನೇ ಮಾತಾಡ್ತೀನಿ. ನಿಮ್ಮ ತಮ್ಮನವರ ಪರವಾಗಿ."

"ಪರವಾಗಿ?"

"ಮತ್ತೆ? ನಮಗೋಸ್ಕರ ಯಾರು ಹೋರಾಡಿದ್ರು ಹೇಳಿ. ನೀವು ಕಳಿಸಿದ ಆ ಪತ್ರ ಇನ್ನೂ ನಮ್ಮ ಡ್ಯೂಟಿ ರೂಮಿನ ಗೋಡೆ ಮೇಲಿದೆ. ಪ್ಲಾಸ್ಟಿಕ್ ಹಾಕಿಸಿದ್ದೀವಿ. ಹೊಸ ಹುಡುಗೀರು ಅಳ್ತಾ ಬಂದ್ರೆ ತೋರಿಸ್ತೀನಿ. ನೋಡಿ, ನಮ್ಮ ಕಷ್ಟ ಗೊತ್ತಿರೋರು ಒಬ್ಬರಾದ್ರೂ ಇದ್ದಾರೆ ಅಂತ."

ಅಕ್ಕನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಇನ್ನೊಂದು ಕ್ಷಣ ತಡೆದರೆ ಏನಾದರೂ ನಯವಾದ ಮಾತು ತಾನಾಗೇ ಬಾಯಿಂದ ಹೊರಡುತ್ತದೆ ಎಂಬ ಭಯಕ್ಕೆ ನಡಾವಳಿಯ ಸಂಪುಟವನ್ನು ತೆರೆದು, ಆ ಪುಟ ತೋರಿಸಿ, ಸಾಲಿನ ಕೆಳಗೆ ಬೆರಳಿಟ್ಟಳು.

"ಓದಿ, ಸಿಸ್ಟರ್."

ನರ್ಸ್ ಓದಿದರು. ಎರಡು ಸಲ ಓದಿದರು. ಔಷಧಿ ಚೀಟಿ ಓದುವವರಂತೆ, ಸಾಲು ಬಿಡದೆ.

"ಹಾಗಾದ್ರೆ ಶಕ್ತಿಮೀರಿ ಹೋರಾಡಿದ್ದು?"

"ಇಲ್ಲ. ಕ್ಯಾಂಟೀನಲ್ಲಿ ಕೂತಿದ್ದ."

"ನಿಮಗೆ ಗೊತ್ತಿತ್ತಾ?"

"ಗೊತ್ತಿರಲಿಲ್ಲ. ಗೊತ್ತುಮಾಡ್ಕೊಳ್ಳೋಕೆ ಹೋಗಲೂ ಇಲ್ಲ. ಈ ಪುಸ್ತಕ ಮೂರು ವರ್ಷದಿಂದ ಇಲ್ಲೇ ಇತ್ತು."

ನರ್ಸ್ ಪುಸ್ತಕ ಮುಚ್ಚಿದರು. ಬೈದಿದ್ದರೆ ಅಕ್ಕನಿಗೆ ಹಗುರವಾಗುತ್ತಿತ್ತು. "ಅವರು ರಾಜಕಾರಣಿ, ಬಿಡಿ. ಅವರ ಭಾಷಣ ನಾವು ಯಾರೂ ಪೂರ್ತಿ ನಂಬಿರಲಿಲ್ಲ" ಎಂದರು ಮೆಲ್ಲಗೆ. "ಆ ಪತ್ರ ಮಾತ್ರ ನಂಬಿದ್ವಿ, ನೀವು ಬರೆದಿದ್ದು ಅಂತ." ಚೀಲ ಹೆಗಲಿಗೇರಿಸಿ, ಮೆಟ್ಟಿಲ ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದುಹೋದರು.

ಅಕ್ಕ ಆ ಕ್ಷಣವೇ ಪೆನ್ನು ತೆಗೆದು ನಮೂನೆ ತುಂಬಿದಳು. ಹತ್ತು ಮಸೂದೆ, ಇದ್ದದ್ದು ಇದ್ದ ಹಾಗೆ. ಒಂದು ಪ್ರತಿ ತಮ್ಮನ ಮೇಜಿನ ಮೇಲಿಟ್ಟಳು. ಸಂಜೆ ಅವನು ಬಂದಾಗ, "ಕಳಿಸೋ ಮುಂಚೆ ಓದು" ಅಂದಳು.

"ನೀನು ನೋಡಿದ್ದೀಯಲ್ಲ, ಸಾಕು."

"ಓದು ಪುಟ್ಟ. ಆಮೇಲೆ ನನ್ನ ಬೈಬೇಡ."

"ನಿನ್ನ ಬೈಯೋ ಧೈರ್ಯ ನನಗೆಲ್ಲಿದೆ?" ನಕ್ಕು, ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು, ಎಲ್ಲೋ ಉದ್ಘಾಟನೆಗೆ ಓಡಿದ. ಅವಳು ತಲೆ ಚಚ್ಚಿಕೊಂಡು, ಲಕೋಟೆಗೆ ಅಂಟು ಹಚ್ಚಿ, ತಾನೇ ನಡೆದು ಹೋಗಿ ಕೊಟ್ಟುಬಂದಳು.

ಶನಿವಾರ ಶಾಲೆಯ ಸಭಾಂಗಣ ತುಂಬಿ ಬಾಗಿಲಲ್ಲೂ ಜನ ನಿಂತಿದ್ದರು. ವೇದಿಕೆಯ ಅಧ್ಯಕ್ಷೆ ಒಬ್ಬ ನಿವೃತ್ತ ಪ್ರಾಂಶುಪಾಲೆ. ಹಾಜರಿ ಕರೆಯುವ ದನಿಯಲ್ಲಿ ಪುಟ್ಟನ ಹಾಳೆಯನ್ನು ಓದಿದರು. "ಸಣ್ಣ ರೈಲು ನಿಲ್ದಾಣಗಳು. ನಿಲುವು: ಉಗ್ರ ವಿರೋಧ. ಮತ: ಪರ." ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. "ನದಿ ಮಾಲಿನ್ಯ. ನಿಲುವು: ಸಂಪೂರ್ಣ ಬೆಂಬಲ. ಮತ: ಗೈರು." ಐದನೆಯದರ ಹೊತ್ತಿಗೆ ಇಡೀ ಸಭೆ ನಗುತ್ತಿತ್ತು. ಪುಟ್ಟ ಜೇಬಿನಿಂದ ಮಡಿಕೆ ಬಿಚ್ಚಿ ಆಗ ಓದತೊಡಗಿದ. ಕಿವಿ ಕೆಂಪಾದವು. ಮುಂದಿನ ಸಾಲಿನಲ್ಲಿದ್ದ ಅಕ್ಕನ ಕಡೆ ನೋಡಿದ. ಇಂಥ ಇಕ್ಕಟ್ಟಿನಲ್ಲಿ ಅವಳಿಂದ ಒಂದು ಚೀಟಿ ಬರುವುದು ವಾಡಿಕೆ. ಅವಳು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ನರ್ಸ್ ಎದ್ದು ನಿಂತರು. ಗೋಡೆಯಿಂದ ಕಿತ್ತು ತಂದ ಪತ್ರವನ್ನು ಪೂರ್ತಿ ಓದಿದರು. "ಇಷ್ಟೇ ಕೇಳ್ತೀನಿ," ಎಂದರು. "ಮತ ಹಾಕೋ ಹೊತ್ತಲ್ಲಿ ನೀವು ಎಲ್ಲಿದ್ರಿ?"

ಪುಟ್ಟ ಮೈಕ್ ಹಿಡಿದ. ಬಿಟ್ಟ. ಮತ್ತೆ ಹಿಡಿದ. "ಕ್ಯಾಂಟೀನಲ್ಲಿ."

ಸಭೆ ಗೊಳ್ಳೆಂದಿತು. ಅವನು ನಗು ನಿಲ್ಲುವವರೆಗೆ ಕಾದ. "ಒಳಗೆ ಹೋದ್ರೆ ಯಾವುದಾದ್ರೂ ಒಂದು ಬಟನ್ ಒತ್ತಬೇಕಿತ್ತು. ಒಂದು ಒತ್ತಿದ್ರೆ ಪಕ್ಷಕ್ಕೆ ಸಿಟ್ಟು, ಇನ್ನೊಂದು ಒತ್ತಿದ್ರೆ ನಿಮಗೆ ಮುಖ ತೋರ್ಸೋಕೆ ಆಗಲ್ಲ. ಅದಕ್ಕೆ ಹೊರಗೆ ಕೂತೆ. ಹೇಡಿತನ ಅಂತಾರೆ ಅದಕ್ಕೆ. ಬೇರೆ ಹೆಸರಿದ್ರೆ ನಮ್ಮಕ್ಕ ಹುಡುಕಿ ಕೊಡ್ತಿದ್ಲು, ಈ ಸಲ ಕೊಟ್ಟಿಲ್ಲ."

ಆಮೇಲೆ, ಎಲ್ಲಿಂದ ಶುರುವಾಯಿತೋ, ಚಪ್ಪಾಳೆ. ಬಿಟ್ಟೂ ಬಿಡದ ಚಪ್ಪಾಳೆ. "ನಿಜ ಹೇಳೋ ಗಂಡಸು ಕಣ್ರೀ" ಎಂದು ಅವಳ ಹಿಂದೆ ಕೂತವರೊಬ್ಬರು ಗದ್ಗದರಾದರು. ನರ್ಸ್ ಚಪ್ಪಾಳೆ ತಟ್ಟಲಿಲ್ಲ. ಪತ್ರವನ್ನು ಚೀಲಕ್ಕೆ ಹಾಕಿಕೊಂಡು ಕೂತರು.

ಕಾರು ಹತ್ತಿದ್ದೇ ತಡ ಪುಟ್ಟ ಮಗುವಿನ ಹಾಗೆ ಕುಣಿದ. "ನೋಡಿದ್ಯಾ ಅಕ್ಕ! ಸತ್ಯಕ್ಕೆ ಎಂಥ ಶಕ್ತಿ! ನಾಳೆಯಿಂದ ಎಲ್ಲ ಸಭೆಯಲ್ಲೂ ಈ ಕ್ಯಾಂಟೀನ್ ಕಥೆ ಹೇಳ್ತೀನಿ. ಆ ಹಾಳೆ ನೀನು ಬೇಕಂತಲೇ ಹಾಗೆ ಬರೆದೆ ಅಲ್ವಾ? ಎಂಥ ತಲೆ ನಿಂದು!"

ಅಕ್ಕನ ಪಿತ್ತ ನೆತ್ತಿಗೇರಿತು. "ಪುಟ್ಟ, ಮಸೂದೆ ಬಿದ್ದೇ ಇದೆ ಕಣೋ. ಆ ಹೆಂಗಸು ಹದಿನಾರು ಗಂಟೆ ನಿಂತು ಬಂದು ನಿನ್ನ ಭಾಷಣ ಕೇಳಿದ್ಲು. ನಿನಗೆ ಚಪ್ಪಾಳೆ ಸಿಕ್ತು. ಅವಳಿಗೇನು ಸಿಕ್ತು?"

"ನಾನು ಒಪ್ಕೊಂಡೆನಲ್ಲ!"

"ಒಪ್ಕೊಂಡ್ರೆ ಕಾಲಿನ ಊತ ಇಳಿಯುತ್ತಾ?" ಕಚೇರಿಯ ಬೀಗದ ಕೈ ತೆಗೆದು ಅವನ ಮಡಿಲಿಗೆ ಹಾಕಿದಳು. "ಸೋಮವಾರದಿಂದ ನಾನು ಬರಲ್ಲ. ನಿನ್ನ ಆರು ತಿಂಗಳು ಮುಗೀತು."

ಎರಡು ದಿನದಲ್ಲಿ ಸರಿಹೋಗುತ್ತಾಳೆ ಎಂದುಕೊಂಡ. ಅವಳು ಸರಿಹೋಗಲಿಲ್ಲ. ಅವನು ಊರೂರಿಗೆ ಹೋಗಿ ಕ್ಯಾಂಟೀನ್ ಕಥೆ ಹೇಳಿದ, ಹೇಳಿದಷ್ಟೂ ಅದು ಬೆಳೆಯಿತು. ಕೊನೆಗೆ ವಿಪ್ ಅವನನ್ನು ಬಾಗಿಲಲ್ಲಿ ತಡೆದು ನಿಲ್ಲಿಸಿದಲ್ಲಿಗೆ ಬಂತು. ಚುನಾವಣೆಯನ್ನೂ ಕೂದಲೆಳೆಯಲ್ಲಿ ಗೆದ್ದ.

ಅಕ್ಕ ಮಾತ್ರ ಒಂದು ಮಂಗಳವಾರ ಆಸ್ಪತ್ರೆಯ ಡ್ಯೂಟಿ ರೂಮಿನ ಬಾಗಿಲಿಗೆ ಹೋಗಿ ನಿಂತಳು. ಗೋಡೆಯ ಮೇಲೆ ಪತ್ರವಿದ್ದ ಜಾಗ ಬೆಳ್ಳಗೆ ಚೌಕವಾಗಿ ಕಾಣುತ್ತಿತ್ತು. "ಏನಾದ್ರೂ ಬರೆಯೋದಿದ್ರೆ ಬರ್ಕೊಡ್ತೀನಿ" ಎಂದಳು. "ನಿಮ್ಮ ಹೆಸರಲ್ಲಿ, ನಿಮ್ಮ ಮಾತಲ್ಲಿ." ನರ್ಸ್ ತುಂಬ ಹೊತ್ತು ಯೋಚಿಸಿ ಒಂದು ಸ್ಟೂಲು ಸರಿಸಿ ಕೊಟ್ಟರು. ಹೊಸ ಸದನದಲ್ಲಿ ಮಸೂದೆಯನ್ನು ಮತ್ತೆ ತರಿಸುವ ಕೆಲಸ ನಿಧಾನವಾಗಿ ಸಾಗಿತು. ಕ್ಯಾಂಟೀನಿನಲ್ಲಿ ಕೂತಿದ್ದ ಆ ಏಳು ಜನ ಯಾರೆಂದು ಅಕ್ಕ ತಮ್ಮನಿಗೆ ಫೋನ್ ಮಾಡಿ ಕೇಳಿದಳು. ಬೇರೆಯವರ ಸುದ್ದಿ ಎಂದರೆ ಅವನಿಗೆ ಬಾಯಿ ನಿಲ್ಲದು. ಏಳು ಹೆಸರಿನ ಜೊತೆ ಯಾರು ಏನು ತಿನ್ನುತ್ತಿದ್ದರು ಎಂಬುದನ್ನೂ ಹೇಳಿದ. ಅವರಲ್ಲಿ ಐವರು ಮತ್ತೆ ಗೆದ್ದಿದ್ದರು. ಆ ಐವರ ಕ್ಷೇತ್ರದ ನರ್ಸ್‌ಗಳನ್ನು ಹುಡುಕಿ, ಒಬ್ಬೊಬ್ಬರಿಗೂ ಅವರವರ ಊರಿನಿಂದಲೇ ಪತ್ರಗಳು ಹೋದವು: 'ಕಳೆದ ಸಲ ಮತದ ಹೊತ್ತಿಗೆ ತಾವು ಕ್ಯಾಂಟೀನಿನಲ್ಲಿದ್ದಿರಿ. ಈ ಸಲ ಎಲ್ಲಿರುತ್ತೀರಿ?'

ಮಸೂದೆ ಮತ್ತೆ ಸದನಕ್ಕೆ ಬಂದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಪುಟ್ಟ ಫೋನ್ ಮಾಡಿದ. ದನಿ ತಗ್ಗಿತ್ತು. "ಅಕ್ಕ, ವಿಪ್ ಮತ್ತೆ ಅದೇ ರಾಗ ತೆಗ್ದಿದ್ದಾನೆ. ಹೊರಗಿರು ಅಂತ."

"ಈಗ ಎಲ್ಲಿದ್ದೀಯ?"

ಫೋನಿನಲ್ಲಿ ತಟ್ಟೆ ಲೋಟಗಳ ಸದ್ದು ಕೇಳಿಸಿತು.

"ಪುಟ್ಟ!"

"ಸುಮ್ನೆ ಯೋಚನೆ ಮಾಡೋಕೆ ಬಂದೆ ಕಣಕ್ಕ. ಇನ್ನೂ ಇಬ್ರು ಇದ್ದಾರೆ ಇಲ್ಲಿ."

"ಅವರನ್ನೂ ಎಬ್ಬಿಸ್ಕೊಂಡು ಒಳಗೆ ಹೋಗು. ಈಗ್ಲೇ. ಫೋನ್ ಇಡಬೇಡ, ಬಾಗಿಲು ದಾಟೋವರೆಗೂ ಹಾಗೇ ಹಿಡ್ಕೊಂಡಿರು."

ಕುರ್ಚಿ ಎಳೆದ ಸದ್ದು, ಯಾರದೋ ಗೊಣಗಾಟ, ಉದ್ದನೆಯ ಓಣಿಯಲ್ಲಿ ಬೂಟುಗಳ ಟಪಟಪ, ತಮ್ಮನ ಏದುಸಿರು, ಎಲ್ಲವನ್ನೂ ಅವಳು ಉಸಿರು ಬಿಗಿಹಿಡಿದು ಕೇಳಿದಳು. ಮಸೂದೆ ಎರಡು ಮತಗಳಿಂದ ಗೆದ್ದಿತು.

ಮಾರನೆಯ ದಿನದ ಪತ್ರಿಕೆಯಲ್ಲಿ ಅವನ ಚಿತ್ರದ ಕೆಳಗೆ, 'ಮೊದಲ ದಿನದಿಂದಲೂ ನಾನು ನರ್ಸ್‌ಗಳ ಜೊತೆಗಿದ್ದೆ' ಎಂದಿತ್ತು. ಅಕ್ಕ ಕೂಡಲೇ ಫೋನ್ ಮಾಡಿ ಉಗಿದಳು. "ಮತ ಹಾಕಿದೆನಲ್ಲ, ಇನ್ನೇನು ಬೇಕು ನಿನಗೆ? ಪಕ್ಷದವರು ನನ್ನನ್ನ ಸಮಿತಿಯಿಂದ ಕಿತ್ತುಹಾಕಿದ್ದಾರೆ ಗೊತ್ತಾ?" ಎಂದು ಅವನೂ ರೇಗಿದ. ಅವಳು ಪತ್ರಿಕೆಗೆ ಒಂದು ತಿದ್ದುಪಡಿ ಬರೆದು ಕಳಿಸಿದಳು. ಏಳನೆಯ ಪುಟದ ಮೂಲೆಯಲ್ಲಿ ಎರಡು ಸಾಲು ಬಂತು. ಪುಟ್ಟ ಹನ್ನೊಂದು ದಿನ ಮಾತು ಬಿಟ್ಟ. ಹನ್ನೆರಡನೆಯ ದಿನ, ಏನೂ ಆಗೇ ಇಲ್ಲವೆಂಬಂತೆ, ಊಟದ ಹೊತ್ತಿಗೆ ಬಂದು ತಟ್ಟೆ ತೊಳೆದುಕೊಂಡು ಕೂತ. ಅವಳೂ ಬಡಿಸಿದಳು. ಏನು ಮಾಡುವುದು, ತಮ್ಮ.

ಹೊಸ ಪಾಳಿಯ ಪಟ್ಟಿ ಜಾರಿಗೆ ಬಂದ ಮೊದಲ ವಾರ, ಒಂದು ದಿನ ಮಧ್ಯಾಹ್ನ ನಾಲ್ಕಕ್ಕೆ ನರ್ಸ್ ಅಕ್ಕನ ಮನೆಗೆ ಬಂದರು. ಹಗಲು ಬೆಳಕಿನಲ್ಲಿ ಯಾರ ಮನೆಗಾದರೂ ಹೋಗಿ ಎಷ್ಟು ವರ್ಷವಾಯಿತೋ ಎಂದರು. ಚಪ್ಪಲಿ ಕಳಚಿ ಸೋಫಾದಲ್ಲಿ ಕಾಲು ಮೇಲೆತ್ತಿ ಕೂತರು. ಅಕ್ಕ ಒಳಗೆ ಹೋಗಿ ಚಹಾ ಸೋಸಿ ತರುವಷ್ಟರಲ್ಲಿ ಅವರಿಗೆ ಗಾಢ ನಿದ್ದೆ. ಅಕ್ಕ ಲೋಟದ ಮೇಲೆ ತಟ್ಟೆ ಮುಚ್ಚಿ, ಬೀದಿಯ ಗದ್ದಲ ಒಳಗೆ ಬಾರದಂತೆ ಕಿಟಕಿ ಎಳೆದುಕೊಂಡಳು.